ಪಾಳಿಯಲ್ಲಿ ನಿಂತ ಚಪ್ಪಲಿ

ನಮ್ಮ ಚಿಗವ್ವನ ಎಡಗಾಲಿನ ಚಪ್ಪಲಿಯ ಉಂಗುಷ್ಠ ಕಿತ್ತು ಎಷ್ಟೋ ದಿನವಾಗಿತ್ತು. ಅದಕ್ಕೊಂದು ಪಿನ್ನು ಚುಚ್ಚಿಕೊಂಡೇ ಅವಳು ಬನಶಂಕರಿ ಗುಡಿಯ ಮುಂದೆ ರೊಟ್ಟಿಬುಟ್ಟಿ ಹೊತ್ತು ತಿರುಗುತ್ತಿದ್ದಳು. ಚೊಳಚಗುಡ್ಡದಲ್ಲಿ ಸರಕಾರಿ ಅರ್ಜಿ ತುಂಬಿಕೊಡುವ ಆನ್‌ಲೈನ್ ಅಂಗಡಿಯ ಮುಂದೆ ಪಾಳಿ ಹಚ್ಚುವಾಗ ಆ ಚಪ್ಪಲಿಯನ್ನು ಸಾಲಿನಲ್ಲಿ ಬಿಟ್ಟು ತಾನು ಬೇವಿನ ನೆರಳಿಗೆ ಹೋಗಿ ಕೂರುತ್ತಿದ್ದಳು. ಎಲ್ಲರೂ ಹಾಗೆಯೇ. ಚಪ್ಪಲಿಗಳು ಬಿಸಿಲಲ್ಲಿ, ಒಡೆಯರು ನೆರಳಲ್ಲಿ. ಒಬ್ಬರ ಚಪ್ಪಲಿಯನ್ನು ಇನ್ನೊಬ್ಬರು ಹಿಂದೆ ಸರಿಸಿದ್ದನ್ನು ನಾನಂತೂ ಕಂಡಿಲ್ಲ.

ನನ್ನ ಹೊಟ್ಟೆಪಾಡೂ ಹೆಚ್ಚುಕಡಿಮೆ ಇದೇ: ಇಲ್ಲದವರನ್ನು ಪಾಳಿಯಲ್ಲಿ ನಿಲ್ಲಿಸುವುದು. ಹೊಸ ವೆಬ್‌ಸೈಟು ತೆರೆಯುವ ಮೊದಲು ಅದರ ಸರ್ವರ್ ಎಷ್ಟು ಭಾರ ತಾಳೀತೆಂದು ನೋಡಲು, ಬಾಗಲಕೋಟೆಯ ಸಣ್ಣ ಕಚೇರಿಯೊಂದರಲ್ಲಿ ಕೂತು ಸುಳ್ಳು ಜನರನ್ನು ಸೃಷ್ಟಿಸಿ ಅದರ ಮೇಲೆ ಬಿಡುತ್ತೇನೆ. ಅವರು ಥೇಟ್ ನಮ್ಮ ನಿಮ್ಮಂತಿರಬೇಕು: ಬೆಳಿಗ್ಗೆ ಒಬ್ಬಿಬ್ಬರು ಇಣುಕಬೇಕು, ಚಹಾದ ಹೊತ್ತು ಕಳೆದ ಮೇಲೆ ಮುಗಿಬೀಳಬೇಕು, ಉಂಡ ಮೇಲೆ ತೂಕಡಿಸಿ ಸಂಜೆ ಮತ್ತೆ ನೆರೆಯಬೇಕು, ಕೆಲವರು ತಪ್ಪು ಒತ್ತಬೇಕು, ಕೆಲವರು ಬೇಸತ್ತು ಅರ್ಧಕ್ಕೇ ಎದ್ದು ಹೋಗಬೇಕು. ಬ್ರಹ್ಮನಿಗೂ ಇಷ್ಟು ತ್ರಾಸವಿರಲಿಲ್ಲ. ಅವನ ಜನ ಅಸಲಿಯೋ ನಕಲಿಯೋ ಎಂದು ಕೇಳುವವರಿರಲಿಲ್ಲ.

ಈ ಸಲ ಪರೀಕ್ಷೆಗೆ ಬಂದದ್ದು ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಅರ್ಜಿಯ ವೆಬ್‌ಸೈಟು. ಚಿಗವ್ವನ ಮಗಳು ರೇಣುಕಾ ಹತ್ತನೆಯ ತರಗತಿ ಪಾಸಾಗಿದ್ದಳು. ಹಾಸ್ಟೆಲ್ ಸಿಕ್ಕರೆ ಬಾಗಲಕೋಟೆಯ ಕಾಲೇಜು, ಇಲ್ಲದಿದ್ದರೆ ರೊಟ್ಟಿಬುಟ್ಟಿ. ಅರ್ಜಿಗೆ ತಂದೆಯ ಹೆಬ್ಬೆರಳಿನ ಗುರುತು ಬೇಕೆಂದು ನಿಯಮ ಮಾಡಿದವರೊಬ್ಬರು. ಒಂದೇ ಕಡೆಯಿಂದ ಅರ್ಜಿಗಳು ಸಾಲುಗಟ್ಟಿದರೆ ಅದು ಯಂತ್ರದ ಕಳ್ಳಾಟವೆಂದು ತಡೆ ಹಾಕಿದವರು ಇನ್ನೊಬ್ಬರು. ನನ್ನ ಸುಳ್ಳು ಜನರೋ, ನಮ್ಮ ಕಚೇರಿಯ ಸಾಹೇಬರ ಅಪ್ಪಣೆಯಂತೆ, ತಂತಮ್ಮ ಮನೆಯಲ್ಲಿ ಕೂತು ತಂತಮ್ಮ ಫೋನಿನಿಂದಲೇ ಬರುವವರು.

"ನಮ್ಮ ಕಡೆ ಹಂಗಿಲ್ರಿ ಸರ," ಎಂದೆ. "ಹೆಬ್ಬಟ್ಟ ಒತ್ತೂ ಮಷೀನ್ ಇರೂದ ಆನ್‌ಲೈನ್ ಅಂಗಡ್ಯಾಗ. ಸೋಮವಾರ ಎತ್ತು ಹೂಡಂಗಿಲ್ಲ, ಅವತ್ತ ಇಡೀ ಊರ ಒಂದ ಅಂಗಡಿಗೆ ಬರತೈತಿ."

"ಅದನ್ನ ಯಾರ ಕೇಳ್ಯಾರ್ರಿ? ಟೆಸ್ಟ್ ಪಾಸಾತಿಲ್ಲೋ?" ಎಂದರು ಸಾಹೇಬರು.

ಪಾಸಾಗಿತ್ತು. ಅರ್ಜಿಗೆ ಕೊಟ್ಟದ್ದು ಒಂದೇ ವಾರ, ಅದರ ಕೊನೆಯ ದಿನ ಸೋಮವಾರ. ಆ ದಿನ ರಜೆ ಹಾಕಿ ನಾನೂ ಹೋಗಿ ಬೇವಿನ ಕೆಳಗೆ ಚಿಗವ್ವ, ಅವಳ ಗಂಡ ಕಾಕಾ, ರೇಣುಕಾರ ಜೊತೆ ಕೂತು ನನ್ನ ಸುಳ್ಳು ಜನರ ಸುದ್ದಿ ಹೇಳಿದೆ. ನಾಲ್ಕಾರು ಚಪ್ಪಲಿಗಳು ಮುಂದೆ ಸರಿದವು, ಆಮೇಲೆ ಸರಿಯಲಿಲ್ಲ. ಪರದೆಯ ಮೇಲೆ ಬಂದ ಅಕ್ಷರಗಳನ್ನು ಅಂಗಡಿಯವನು ಓದಿ ಹೇಳಿದ: "ನಾವು ಮನಷ್ಯಾರಲ್ಲಂತ ಅಂತೈತ್ರಿ ಇದು. ನಾಳೆ ಬರ್ರಿ ಅಂತೈತಿ." ನಾಳೆ ಅರ್ಜಿಯೇ ಇರಲಿಲ್ಲ. ಸಾಹೇಬರಿಗೆ ಫೋನು ಹಚ್ಚಿದರೆ, ತಡೆ ತೆಗೆಯಲು ಮೇಲಿನವರು ಹೇಳಬೇಕು ಎಂದರು. ಮೇಲಿನವರು ಸಂಜೆಯವರೆಗೂ ಮೀಟಿಂಗಿನಲ್ಲಿದ್ದರು. ಕಾಕಾ ತನ್ನ ಹೆಬ್ಬೆರಳನ್ನು ಧೋತರಕ್ಕೆ ಒರೆಸಿಕೊಳ್ಳುತ್ತಲೇ ಇದ್ದ, ತಪ್ಪು ಅದರದೇ ಎಂಬಂತೆ.

ನನಗೆ ಮೈಯೆಲ್ಲ ಉರಿಯಿತು. ಚಪ್ಪಲಿ ನಿಂತಿದ್ದರೆ ಅದರ ಹಿಂದೊಬ್ಬ ಮನುಷ್ಯನಿದ್ದಾನೆಂದು ನಂಬುವ ಊರು ಇದು. ಆ ಮನುಷ್ಯನೇ ಎದುರು ಬಂದು ನಿಂತರೂ ನಂಬದ ಯಂತ್ರಕ್ಕೆ ಶಹಬ್ಬಾಸ್ ಎಂದು ಬೆನ್ನು ತಟ್ಟಿದ್ದು ನಮ್ಮ ಕಚೇರಿ. ಚಿಗವ್ವ ಸಿಟ್ಟಾಗಲಿಲ್ಲ. ಸಾಲಿನಿಂದ ಚಪ್ಪಲಿ ಎತ್ತಿ ಧೂಳು ಕೊಡವಿ ಕಾಲಿಗೆ ಹಾಕಿಕೊಳ್ಳುತ್ತಾ ಕೇಳಿದಳು:

"ನೀ ಮಾಡಿದ ಮಂದಿಗರೆ ಹಾಸ್ಟೆಲ್ ಸಿಕ್ಕಿತೇನೋ ತಮ್ಮಾ?"

"ಎಲ್ಲಾರದೂ ಅರ್ಜಿ ಹೋಗಿತ್ತ ಚಿಗವ್ವ," ಎಂದೆ.

ಅವಧಿ ವಿಸ್ತರಿಸಲಿಲ್ಲ. ಸರ್ವರ್ ಒಮ್ಮೆಯೂ ಕುಸಿಯಲಿಲ್ಲವೆಂದು ಸಾಹೇಬರು ಕಚೇರಿಯಲ್ಲಿ ಪೇಢೆ ಹಂಚಿದರು. ನಾನು ನನ್ನದನ್ನು ಮೇಜಿನ ಮೇಲೇ ಬಿಟ್ಟು ಬಂದೆ.

ಮೊನ್ನೆ ಬನಶಂಕರಿಗೆ ಹೋದಾಗ ಗುಡಿಯ ಮುಂದೆ ಚಿಗವ್ವ ಕಾಣಲಿಲ್ಲ. ಬುಟ್ಟಿ ರೇಣುಕಾಳ ತಲೆಯ ಮೇಲಿತ್ತು. ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ ಹಾಕಿ ಕೊಟ್ಟು, "ಹೆಂಗದಾವ ಅಣ್ಣಾ?" ಎಂದಳು. ಚಲೋ ಅದಾವ ಎಂದು ತಲೆ ತಗ್ಗಿಸಿದರೆ, ಪಿನ್ನು ಚುಚ್ಚಿದ ಆ ಚಪ್ಪಲಿ ಅವಳ ಕಾಲಲ್ಲಿತ್ತು.