ಬಾಯ್ಲರಿಗೆ ಹೇಳಿದ ಮಾತು

ಸಂಜೆ ಆರೂವರೆಗೆ ರೈಲ್ವೆ ಸ್ಟೇಷನ್ ಎದುರಿನ ಪ್ರೇಮಕ್ಕನ ಕ್ಯಾಂಟೀನಿಗೆ ಹೋಗಿ ಚಾ ಕೇಳುವ ಮೂರ್ಖ ನೆಟ್ಟಣದಲ್ಲಿ ಒಬ್ಬನೇ, ಅದು ನಾನು. ಪಕ್ಕದ ಮೊಬೈಲ್ ರಿಪೇರಿ ಅಂಗಡಿ ನನ್ನದು. ಹನ್ನೆರಡು ವರ್ಷದಿಂದ ಕ್ಯಾಂಟೀನಿನ ಟಿ.ವಿ.ಯ ಕೆಳಗಿನ ಬೆಂಚಿನಲ್ಲಿ ಕೂತು ಚಾ ಕುಡಿಯುವವನು. ಈಗ ಮೂರು ವಾರದಿಂದ ಆ ಹೊತ್ತಿಗೆ ರೈಲು ಬಂದು ಹೋದರೂ ಪ್ರೇಮಕ್ಕನಿಗೆ ಪರಿವೆಯಿಲ್ಲ.

ಕಾರಣ ಅವರ ತಮ್ಮ ತೀರ್ಥರಾಮಣ್ಣ. ದಿನಾ ಆರೂವರೆಗೆ ಬರುವ ಟಿ.ವಿ.ಯ ಕ್ವಿಜ್‌ನಲ್ಲಿ ಅವರು ಗೆಲ್ಲುತ್ತಲೇ ಇದ್ದರು. ದಿನಕ್ಕೊಬ್ಬ ಹೊಸಬ ಎದುರು ಬಂದು ಕೂರುತ್ತಾನೆ. ಗೆದ್ದವರು ಮರುದಿನಕ್ಕೆ ಉಳಿಯುತ್ತಾರೆ, ಸೋತವರು ಮನೆಗೆ. ಸುಳ್ಯದ ಕಡೆಯ ಶಾಲೆಯೊಂದರಲ್ಲಿ ಅಟೆಂಡರ್ ಆಗಿ, ಅಲ್ಲಿನ ಲೈಬ್ರರಿಯ ಪುಸ್ತಕವನ್ನೆಲ್ಲ ಓದಿ ಮುಗಿಸಿ ನಿವೃತ್ತರಾದ ಮನುಷ್ಯ. ಹದಿನೆಂಟು ದಿನವಾದರೂ ಕುರ್ಚಿಯಿಂದ ಕದಲಿರಲಿಲ್ಲ.

ತಮ್ಮ ಗೆದ್ದರೆ ಅಕ್ಕನಿಗೆ ಖುಷಿ, ಅದರಲ್ಲೇನು ಎನ್ನಬೇಡಿ. ಒಂಬತ್ತು ವರ್ಷದ ಹಿಂದೆ, ತೀರಿಕೊಂಡ ತಾಯಿಯ ಬೆಂಡೋಲೆ ಯಾರಿಗೆ ಎಂಬ ಜಗಳದಲ್ಲಿ ಇಬ್ಬರೂ ದೈವದ ಕಲ್ಲಿನ ಎದುರು ಆಣೆ ಹಾಕಿಕೊಂಡವರು: ಇನ್ನು ಮಾತಿಲ್ಲ, ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಒಂದು ಗುಟುಕು ನೀರೂ ಇಲ್ಲ. ನಮ್ಮ ಕಡೆ ಆಣೆ ಎಂದರೆ ಹುಡುಗಾಟವಲ್ಲ. ಬಿಡಿಸಬೇಕಾದರೆ ಇಬ್ಬರೂ ಒಟ್ಟಿಗೆ ಹೋಗಿ ತಪ್ಪುಕಾಣಿಕೆ ಇಡಬೇಕು. ಒಟ್ಟಿಗೆ ಹೋಗೋಣ ಎಂದು ಹೇಳುವುದಕ್ಕಾದರೂ ಮಾತಾಡಬೇಕಲ್ಲ! ಹಾಗಾಗಿ ಒಂಬತ್ತು ವರ್ಷದ ಮೇಲೆ ಪ್ರೇಮಕ್ಕ ತಮ್ಮನ ಮುಖ ಕಂಡದ್ದು ಈ ಟಿ.ವಿ.ಯಲ್ಲೇ. ಅವರು ಗೆದ್ದರೆ ನಾಳೆಯೂ ನೋಡಬಹುದು, ಸೋತರೆ ಮುಗಿಯಿತು.

"ಸರ್ವೋತ್ತಮ, ನೋಡಿದ್ರೆ ಆಣೆ ಮುರೀತದಾ?" ಎಂದು ಮೊದಲ ದಿನವೇ ಕೇಳಿದ್ದರು.

"ನೋಡುದಕ್ಕೆ ಆಣೆ ಎಲ್ಲಿ ಉಂಟು ಪ್ರೇಮಕ್ಕ? ಮಾತಿಗೆ ಮಾತ್ರ," ಎಂದೆ, ದೊಡ್ಡ ತಂತ್ರಿಯ ಹಾಗೆ.

ಏಳನೆಯ ದಿನ ಎಡವಟ್ಟಾಯಿತು. ಬಳ್ಳಿಯಲ್ಲೇ ಹಣ್ಣಾದ ಕಾಳುಮೆಣಸಿನ ಬಣ್ಣ ಯಾವುದು ಎಂಬ ಪ್ರಶ್ನೆ ಬಂತು. ತೀರ್ಥರಾಮಣ್ಣ ಕಣ್ಣು ಮುಚ್ಚಿ ಕೂತರು. "ಕೆಂಪು ಮಾರಾಯ, ಕೆಂಪು!" ಎಂದು ಪ್ರೇಮಕ್ಕ ಕಿರುಚಿಯೇಬಿಟ್ಟರು. ಮರುಕ್ಷಣ ಟಿ.ವಿ.ಯಲ್ಲಿ ತಮ್ಮ ಕಣ್ಣು ಬಿಟ್ಟು "ಕೆಂಪು" ಎಂದರು. ಪ್ರೇಮಕ್ಕನ ಕೈಯ ಸೌಟು ಕೆಳಗೆ ಬಿತ್ತು.

"ಅಯ್ಯೋ ದೇವರೇ, ಅವನಿಗೆ ಕೇಳಿತಾ?"

"ಇಲ್ಲಿ ಕಿರುಚಿದ್ರೆ ಬೆಂಗಳೂರಿನ ಸ್ಟುಡಿಯೋಕ್ಕೆ ಕೇಳ್ತದಾ? ನಿಮಗೆ ಮಂಡೆ ಸಮ ಉಂಟಾ?"

"ಕೇಳದಿದ್ರೂ ನಾನು ಆಡಿದ್ದು ಆಡಿದ್ದೇ ಅಲ್ವಾ?"

ಎಂತ ಮಂಡೆಬೆಚ್ಚ ಮಾರಾಯ್ರೆ! ಮರುದಿನದಿಂದ ಅವರ ಕಣ್ಣು ಟಿ.ವಿ.ಯಲ್ಲಿ, ಮಾತು ಚಾದ ಬಾಯ್ಲರಿನ ಹತ್ತಿರ. "ಬಾಯ್ಲರೇ, ಕಾಲಿನಲ್ಲಿ ರುಚಿ ನೋಡುದು ಚಿಟ್ಟೆ ಅಲ್ವಾ?" ಹಿಂದೆ ಅವರ ಅಪ್ಪ ಅಮ್ಮ ಮುನಿಸಿಕೊಂಡಾಗ "ಒನಕೆ, ಊಟಕ್ಕೆ ಬರ್ಲಿಕ್ಕೆ ಹೇಳು" ಎಂದು ಒನಕೆಯ ಮೂಲಕವೇ ಮಾತಾಡುತ್ತಿದ್ದರಂತೆ. ಕ್ಯಾಂಟೀನಿಗೆ ಬಂದ ಗಿರಾಕಿಗಳು ನಕ್ಕರು. ನಾನು ಅವರಿಗೆ ಸಮಾ ಬೈದೆ.

ಹತ್ತೊಂಬತ್ತನೆಯ ದಿನ, ಸೋಮವಾರ, ಕ್ವಿಜ್ ನಡೆಯುತ್ತಿರುವಾಗಲೇ ಒಬ್ಬರು ಒಳಗೆ ಬಂದು ನನ್ನ ಬೆಂಚಿನಲ್ಲಿ ಕೂತರು. ಎಬ್ಬಿಸೋಣ ಎಂದು ಹೋದರೆ, ತೀರ್ಥರಾಮಣ್ಣ! ಮೇಲೆ ಟಿ.ವಿ.ಯಲ್ಲಿ ನೀಲಿ ಕೋಟಿನ ತೀರ್ಥರಾಮಣ್ಣ ನಗುತ್ತಿದ್ದಾರೆ, ಕೆಳಗೆ ಬಿಳಿ ಪಂಚೆಯ ತೀರ್ಥರಾಮಣ್ಣ ಅಳುವ ಹಾಗಿದ್ದಾರೆ. ಪ್ರೇಮಕ್ಕ ಮೇಲೆ ನೋಡಿದರು, ಕೆಳಗೆ ನೋಡಿದರು, ನನ್ನನ್ನು ನೋಡಿದರು. ನಾನು ಯಾರನ್ನು ನೋಡಲಿ?

"ಬಾಯ್ಲರೇ," ಎಂದರು ಕೊನೆಗೆ. "ಇವ ಇಲ್ಲಿ ಕೂತದ್ದಾದ್ರೆ ಅಲ್ಲಿ ಆಡುದು ಯಾರು?"

ಅಕ್ಕ ತಮ್ಮ ಆಡಿದ್ದು ಅವರ ಮನೆಮಾತಾದ ಅರೆಭಾಷೆಯಲ್ಲಿ. ನಾನು ನಮ್ಮ ಕನ್ನಡದಲ್ಲಿ ಹೇಳುತ್ತಿದ್ದೇನೆ. ತೀರ್ಥರಾಮಣ್ಣ ಒಮ್ಮೆ ಕಕ್ಕಾಬಿಕ್ಕಿಯಾದರು. ಆದರೆ ಅವರೂ ಒನಕೆಯ ಮನೆಯಲ್ಲೇ ಬೆಳೆದವರಲ್ಲವೇ? ತಿರುಗಿ ಬಾಯ್ಲರಿಗೇ ಹೇಳಿದರು: "ಬಾಯ್ಲರೇ, ಅದೆಲ್ಲ ಎರಡು ತಿಂಗಳ ಹಿಂದೆ ತೆಗೆದದ್ದು. ದಿನಕ್ಕೆ ಐದು ಆಟ, ಐದು ಸಲ ಅಂಗಿ ಬದಲು. ನಾನು ಆಗಲೇ ಸೋತಾಗಿದೆ."

"ಸೋತದ್ದಾ ಬಾಯ್ಲರೇ? ಈಗ ಗೆಲ್ತಾ ಇದ್ದಾನಲ್ಲ!"

"ಈಗ ಗೆಲ್ಲುದು ಹೌದು. ಗುರುವಾರ ಸೋಲುದು. ಯಾರಿಗೂ ಹೇಳಬಾರದು ಅಂತ ಟಿ.ವಿ.ಯವರು ಬರೆಸಿಕೊಂಡಿದ್ದಾರೆ. ಬಾಯ್ಲರಿಗೆ ಹೇಳಬಾರದು ಅಂತ ಅದರಲ್ಲಿ ಇಲ್ಲ."

ಸೋತಾದ ಮನುಷ್ಯ ಗೆಲ್ಲುತ್ತಿದ್ದಾರೆ, ಗೆಲ್ಲುತ್ತಿರುವವರು ಗುರುವಾರ ಸೋಲಲಿದ್ದಾರೆ. ನನಗೆ ತಲೆಬುಡ ಅರ್ಥವಾಗಲಿಲ್ಲ.

"ಹಾಗಾದ್ರೆ ನಾನು ಕಿರುಚುವ ಮೊದಲೇ ಕೆಂಪು ಅಂತ ಹೇಳಿಯಾಗಿತ್ತಾ ಬಾಯ್ಲರೇ? ನಾನು ಮತ್ತೆ ಯಾರ ಹತ್ತಿರ ಮಾತಾಡಿದ್ದು?"

ಹತ್ತೊಂಬತ್ತು ದಿನದ ಚಾಂಪಿಯನ್ ಆ ಪ್ರಶ್ನೆ ಬಿಟ್ಟು ಬಾಯ್ಲರಿನ ಕಡೆ ಬಾಗಿ, "ಇಲ್ಲಿ ದಿನಾ ನೋಡ್ತಾರೆ ಅಂತ ಯಾರೋ ಹೇಳಿದ್ರು. ಗುರುವಾರ ಒಮ್ಮೆಲೇ ನೋಡಿ ಬೇಜಾರಾಗುದು ಬೇಡ ಅಂತ ಬಂದೆ. ಮತ್ತೆ ನಾನು ಟಿ.ವಿ.ಯಲ್ಲಿ ಬರುದಿಲ್ಲ," ಎಂದರು.

ಪ್ರೇಮಕ್ಕ ಅಭ್ಯಾಸಬಲದಿಂದ ಚಾ ಹೊಯ್ದು ಬೆಂಚಿನ ಕಡೆ ಚಾಚಿದರು. ಅರ್ಧದಲ್ಲಿ ಆಣೆ ನೆನಪಾಗಿರಬೇಕು, ಗ್ಲಾಸನ್ನು ತಂದು ನನ್ನ ಕೈಗಿಟ್ಟರು. ಇಬ್ಬರೂ ಆ ಗ್ಲಾಸನ್ನೇ ನೋಡುತ್ತಿದ್ದರು. ಹನ್ನೆರಡು ವರ್ಷದಲ್ಲಿ ಅಷ್ಟು ಕಷ್ಟದಿಂದ ನಾನು ಚಾ ಕುಡಿದದ್ದಿಲ್ಲ.

ಪ್ರೇಮಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಾಯ್ಲರಿನ ಕಡೆ ತಿರುಗಿದರು. "ಬಾಯ್ಲರೇ, ಶುಕ್ರವಾರದಿಂದ ಆರೂವರೆಗೆ ಈ ಬೆಂಚಿನಲ್ಲಿ ಬೇರೆ ಯಾರೂ ಕೂರುದಿಲ್ಲ ಅಂತ ಇವನಿಗೆ ಹೇಳು."

"ಅಲ್ಲ ಪ್ರೇಮಕ್ಕ, ಮತ್ತೆ ನಾನು ಎಲ್ಲಿ ಕೂರುದು?" ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಶುಕ್ರವಾರ ನನ್ನ ಅಂಗಡಿಯ ಸ್ಟೂಲಿನಲ್ಲೇ ಕೂತೆ. ಆರೂವರೆಗೆ ಇಣುಕಿದರೆ ಟಿ.ವಿ. ಆಫ್ ಆಗಿತ್ತು, ಬೆಂಚು ಖಾಲಿ ಇರಲಿಲ್ಲ. ಬೆಂಡೋಲೆಯ ಜಗಳ ಮತ್ತೆ ಶುರುವಾಗಿ, ಅಕ್ಕ ಒಂದು ಕಡೆಯಿಂದ, ತಮ್ಮ ಇನ್ನೊಂದು ಕಡೆಯಿಂದ ಬಾಯ್ಲರಿಗೆ ಬೈಯುತ್ತಿದ್ದರು.