ಗಾಲಿ ಅಕ್ಕ ಪಾಸ್ ಮಾಡಿದ ರಿಮ್ಮುಗಳು

ಆಕೆಯ ಬಲ ಅಂಗೈ ಎಡ ಅಂಗೈಗಿಂತ ಅಗಲವಾಗಿತ್ತು. ಸುತ್ತಿಗೆ ಹಿಡಿದು ಹಿಡಿದು ಹಾಗಾದದ್ದು. ಕೊಟ್ಟೂರಿನಲ್ಲಿ ಕೂಡ್ಲಿಗಿ ರಸ್ತೆಯ ಬೇವಿನ ಮರದ ಕೆಳಗೆ ಆಕೆಯ ಟೈರ್ ಅಂಗಡಿ. ಗಂಡ ತೀರಿಕೊಂಡ ಮೇಲೆ ಅಂಗಡಿ ಮುಚ್ಚುತ್ತಾಳೆಂದು ಎಲ್ಲರೂ ಕಾದರಂತೆ. ಆಕೆ ಮುಚ್ಚಲಿಲ್ಲ. ಸುತ್ತಲಿನ ಐದು ತಾಲೂಕುಗಳ ಜೀಪಿನವರು ಆಕೆಯನ್ನು ಗಾಲಿ ಅಕ್ಕ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ಗಾಳಿಯಂತ್ರ ನೆಡಲು ಕಂಪನಿಯವರು ಈ ಕಡೆಯ ಗುಡ್ಡಗಳಲ್ಲಿ ಜಾಗ ಹುಡುಕುತ್ತಿದ್ದ ವರ್ಷಗಳವು. ಗುಡ್ಡದ ಮೇಲಿನ ಕಂಬಗಳಲ್ಲಿ ಗಾಳಿಯ ವೇಗ ಎಷ್ಟು ದಾಖಲಾಗಿದೆಯೆಂದು ಹೋಗಿ ಬರೆದುಕೊಂಡು ಬರುವುದು ನನ್ನ ಕೆಲಸ. ಹಳೆಯ ಜೀಪು, ಎಲೆ ಅಡಿಕೆ ಹಾಕುವ ಡ್ರೈವರ್, ನಾನು, ಇಷ್ಟೇ ತಂಡ. ಬರೆಯುವುದು ನನಗೆ ಮೊದಲಿನಿಂದಲೂ ಚಟ. ಯಾವ ದಿನ ಯಾವ ಗುಡ್ಡ, ಎಷ್ಟು ಪಂಕ್ಚರ್, ಎಲ್ಲವೂ ಡೈರಿಯಲ್ಲಿದೆ. ಮೊದಲ ವರ್ಷ ಒಂಬತ್ತು ಸಲ ರಿಮ್ಮು ಬಗ್ಗಿತ್ತು. ಒಂಬತ್ತೂ ಸಲ ಗಾಲಿ ಅಕ್ಕ ಬಡಿದು ನೆಟ್ಟಗೆ ಮಾಡಿದ್ದಳು.

ಎರಡನೆಯ ವರ್ಷ ನಮ್ಮ ಎಂಜಿನಿಯರ್ ಅಲಾಯ್ ಗಾಲಿ ಹಾಕಿಸೋಣ ಎಂದರು. ಹಗುರ, ಅದುರುವುದಿಲ್ಲ, ನೋಡಲಿಕ್ಕೂ ಚೆಂದ. ಅಲಾಯೋ ಸ್ಟೀಲೋ ಎಂದು ವರದಿ ಬರೆದುಕೊಡುವ ಕೆಲಸ ನನಗೆ ಬಿತ್ತು. ಡೈರಿಯ ಒಂಬತ್ತು ರಿಪೇರಿಗಳನ್ನು ಮುಂದಿಟ್ಟುಕೊಂಡು ‘ಸ್ಟೀಲೇ ಸಾಕು’ ಎಂದು ಬರೆದೆ. ಬರೆದಾದ ಮೇಲೆ, ಹಳೆಯ ರಿಮ್ಮುಗಳು ಸರಿಯಿವೆಯೇ ನೋಡಲೆಂದು, ಸ್ಟೆಪ್ನಿ ಸೇರಿ ಐದೂ ಗಾಲಿಗಳನ್ನು ಆಕೆಯ ಮುಂದೆ ಇಳಿಸಿದೆವು.

ಅಲಾಯೋ ಸ್ಟೀಲೋ ಎಂಬ ನನ್ನ ಪ್ರಶ್ನೆಯನ್ನು ಎರಡು ಸಲ ಕೇಳಬೇಕಾಯಿತು. ಆಮೇಲೆ ಆಕೆ ನಕ್ಕಳು.

“ಹೈವೇ ಮ್ಯಾಲೆ ಓಡ್ಯಾಡೋರಿಗೆ ಅಲಾಯ್ ಚಲೋ ಐತಪ್ಪ. ನೀವು ಕಲ್ಲಾಗ ಹೊಕ್ಕೀರಿ. ಕಲ್ಲಿಗೆ ಬಡದ್ರ ಸ್ಟೀಲ್ ಬಗ್ಗತೈತಿ, ಅಲಾಯ್ ಸೀಳತೈತಿ. ಬಗ್ಗಿದ್ದನ್ನ ನಾನು ಎತ್ತತೀನಿ. ಸೀಳಿದ್ದನ್ನ ನಿಮ್ಮ ಸಾಹೇಬ ಎತ್ತತಾನೇನು?”

“ಸಾಹೇಬ್ರಿಗೆ ಅವು ಮಿಂಚತಾವಂತ ಆಸೆ,” ಎಂದ ಡ್ರೈವರ್.

“ಹಂಗಾದ್ರ ಅವ್ರ ಕೊರಳಾಗ ಹಾಕ್ರಿ.”

ಟೈರ್ ಬಿಚ್ಚಿದ ಬರಿಯ ರಿಮ್ಮನ್ನು ಬೇವಿನ ಕೊಂಬೆಯ ಕೊಕ್ಕೆಗೆ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ಒಂದೇ ಏಟು ಹಾಕುವುದು ಆಕೆಯ ಪರೀಕ್ಷೆ. ಬಿರುಕಿಲ್ಲದಿದ್ದರೆ ಸದ್ದು ಗಂಟೆಯ ಹಾಗೆ ಎಳೆಯುತ್ತದೆ, ಬಿರುಕಿದ್ದರೆ ಅಲ್ಲೇ ಸಾಯುತ್ತದೆ. “ಸಂತ್ಯಾಗ ಗಡಿಗಿ ಬಡದು ತಗೊಳ್ಳಂಗಿಲ್ಲೇನು? ಹಂಗ ಇದೂ,” ಎನ್ನುತ್ತಿದ್ದಳು. ಪಾಸಾದ ರಿಮ್ಮಿಗೆ ಒಂದು ಬಿಳಿ ಬಣ್ಣದ ಚುಕ್ಕೆ. ಅವತ್ತು ಐದಕ್ಕೂ ಚುಕ್ಕೆ ಇಟ್ಟಳು. ನಾನು ಡೈರಿಯಲ್ಲಿ ‘ಐದೂ ಸರಿ’ ಎಂದು ಬರೆದುಕೊಂಡೆ.

ಅದಾದ ಹತ್ತೊಂಬತ್ತನೆಯ ದಿನ, ಹೊಸಹಳ್ಳಿ ಕಡೆಯ ಗುಡ್ಡ ಇಳಿಯುತ್ತಿದ್ದೆವು. ಬೆಳಗಿನ ಬಿಸಿಲು. ಜೀಪಿನ ಮುಂದೆ ಒಂದು ಗಾಲಿ ಉರುಳಿಕೊಂಡು ಹೋಗುತ್ತಿರುವುದು ಕಂಡಿತು. ಯಾರದೋ ಗಾಲಿ ಎಂದು ನನಗೆ ಅನ್ನಿಸಿದ್ದು ನಿಜ. ಮರುಕ್ಷಣ ಜೀಪು ಎಡಕ್ಕೆ ಕುಸಿದು, ನೆಲ ಕೆರೆದುಕೊಂಡು ಹೋಗಿ ಬಂಡೆಗೆ ಗುದ್ದಿತು. ನಮ್ಮದೇ ಗಾಲಿ ನಮ್ಮನ್ನು ಹಿಂದೆ ಹಾಕಿ ಹೋಗಿತ್ತು. ರಿಮ್ಮಿನ ನಡುವಿನ ಭಾಗ ಮಾತ್ರ ಐದು ನಟ್ಟುಗಳ ಸಮೇತ ಜೀಪಿನಲ್ಲೇ ಉಳಿದಿತ್ತು, ಸುತ್ತ ಕತ್ತರಿಸಿದ ಹಾಗೆ. ಡ್ರೈವರನ ಭುಜದ ಎಲುಬು ಮುರಿದಿತ್ತು. ನನಗೆ ಒಂದು ಗೀರೂ ಇಲ್ಲ.

ಮೂರನೆಯ ದಿನ ಆ ತುಂಡನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಕೊಟ್ಟೂರಿಗೆ ಹೋದೆ. ಜಗಳ ಮಾಡಬೇಕೆಂದೇ ಹೋದದ್ದು. ಆಕೆ ತುಂಡನ್ನು ಬಿಸಿಲಿಗೆ ಹಿಡಿದು ಮುರಿದ ಅಂಚಿನ ಮೇಲೆ ಉಗುರು ಎಳೆದಳು. ಅರ್ಧ ಅಂಚು ಹೊಳೆಯುತ್ತಿತ್ತು, ಇನ್ನರ್ಧ ಕಂದು.

“ತುಕ್ಕು ಐತಿ. ಹಳೇ ಬಿರುಕು. ನಾನು ಬಡದಾಗೂ ಇತ್ತು.”

“ಮತ್ತ ಪಾಸ್ ಯಾಕ ಮಾಡಿದ್ರಿ?” ಎಂದು ಕೂಗಿಬಿಟ್ಟೆ.

ಆಕೆ ನನ್ನ ತುಟಿಗಳನ್ನೇ ನೋಡುತ್ತಿದ್ದಳು. “ಕಿವಿ ಹೋಗ್ಯಾವ ನನವು. ವರ್ಷದ ಮ್ಯಾಲಾತು. ಮೊದಲು ಸಣ್ಣ ಸದ್ದು ಹೋತು, ಆಮ್ಯಾಲ ಎಲ್ಲಾ ಹೋತು. ಯಾರಿಗೂ ಹೇಳಿಲ್ಲ.”

ಟೈರೊಂದರ ಮೇಲೆ ಕುಳಿತೆ. “ಹಂಗಾದ್ರ ಅವತ್ತು ಹೆಂಗ ಗೊತ್ತು ಮಾಡಿಕೊಂಡ್ರಿ?”

“ನಿನ್ನ ಮುಖ ನೋಡಿದೆ. ಸದ್ದು ಚಲೋ ಬಂದ್ರ ಗಿರಾಕಿ ಮುಖ ಸಡಲಾಕತೈತಿ, ಕೆಟ್ಟರ ಹುಬ್ಬು ಗಂಟಾಕತಾವ. ಅದರ ಮ್ಯಾಲೆ ನಡಸಿದ್ದೆ. ನೀನು ಐದಕ್ಕೂ ನಗತಿದ್ದಿ.”

ನಾನು ನಕ್ಕದ್ದು ಸದ್ದು ಕೇಳಿ ಅಲ್ಲ. ವರದಿ ಮೊದಲೇ ಬರೆದಾಗಿತ್ತು. ನನ್ನ ಮಾತು ನಿಜವಾಗುತ್ತಿದೆ ಎಂದು ನಗುತ್ತಿದ್ದೆ. ಐದರಲ್ಲಿ ಒಂದರ ಸದ್ದು ಗಿಡ್ಡವಾಗಿತ್ತೇ? ಇವತ್ತಿಗೂ ನೆನಪಿಲ್ಲ. ಇಷ್ಟೆಲ್ಲ ಬರೆದಿಡುವ ನಾನು ಅದೊಂದನ್ನು ಕೇಳಿಸಿಕೊಂಡಿರಲೇ ಇಲ್ಲ. ಆಕೆಗೆ ಇದನ್ನು ಹೇಳಿದೆ. ಆಕೆ ಬಾಗಿಲ ಹಲಗೆಗಳನ್ನು ಒಂದೊಂದಾಗಿ ಜೋಡಿಸಿ ಹಾಡಹಗಲೇ ಅಂಗಡಿ ಮುಚ್ಚಿದಳು.

“ಬರಿ,” ಎಂದಳು. “ಕಿವಿ ಹೋದ ಮ್ಯಾಲೆ ಯಾವ್ಯಾವ ಗಾಡಿ ಪಾಸ್ ಮಾಡೀನಿ, ಹೇಳತೀನಿ. ಎಲ್ಲಾ ಬಿಚ್ಚಸಬೇಕು. ಇನ್ನ ನಿಮ್ಮ ಸಾಹೇಬ್ರಿಗೆ ಹೇಳು, ಅಲಾಯರೆ ಹಾಕ್ಲಿ, ಹೊಸಾ ಸ್ಟೀಲರೆ ಹಾಕ್ಲಿ. ನಾನು ಹೇಳಿದೆ ಅಂತ ಮಾತ್ರ ಏನೂ ಹಾಕಬ್ಯಾಡ್ರಿ.”

ಹದಿನಾಲ್ಕು ಗಾಡಿಗಳಾದವು. ಜೀಪಿಲ್ಲದೆ ನನಗೆ ಕೆಲಸವೂ ಇರಲಿಲ್ಲ, ನಾಲ್ಕು ದಿನ ಬಸ್ಸಿನಲ್ಲಿ ಆಕೆಯ ಜೊತೆ ತಿರುಗಿದೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ. ಹೋದಲ್ಲೆಲ್ಲ ಬಸ್‌ಸ್ಟ್ಯಾಂಡಿನ ಜೀಪುಗಳ ಸಾಲಿನಲ್ಲಿ ನಿಂತು, ಕಿವಿ ಕೇಳದವರ ದೊಡ್ಡ ದನಿಯಲ್ಲಿ ಹೇಳುತ್ತಿದ್ದಳು: “ನನ್ನ ಕಿವಿ ಕೆಟ್ಟಾವ್ರಿ. ಬಿಳೀ ಚುಕ್ಕಿ ನಂಬಬ್ಯಾಡ್ರಿ.” ಹಡಗಲಿಯಲ್ಲೊಬ್ಬ, “ಯಕ್ಕಾ, ಕಿವಿ ನಿಂದು ಕೆಟ್ರ ಗಾಲಿ ನಂದ್ಯಾಕ ಬಿಚ್ಚಲಿ?” ಎಂದು ನಗಿಸಿದ. ಬಿಚ್ಚಿದ ಮೇಲೆ ಅವನದೇ ಹಿಂದಿನ ಗಾಲಿಯಲ್ಲಿ ನಟ್ಟಿನ ತೂತಿನಿಂದ ತೂತಿಗೆ ಗೆರೆ ಓಡಿತ್ತು. ಅವನ ನಗು ನಿಂತ ರೀತಿ ನೋಡಲಾಗಲಿಲ್ಲ. ಮೊದಲ ಹದಿಮೂರು ಗಾಡಿಗಳಲ್ಲಿ ಮೂರು ಹಾಗೆ ಸಿಕ್ಕವು. ಹೋದಲ್ಲಿನ ಮರಕ್ಕೆ ತನ್ನ ಕೊಕ್ಕೆ ಕಟ್ಟಿ ರಿಮ್ಮು ತೂಗುಹಾಕಿ ಏಟು ಹಾಕುವುದು ಆಕೆ, ಕೇಳುವುದು ನಾನು. ಸರಿಯೋ ಅಲ್ಲವೋ ಎಂದು ನಾನು ಹೇಳಿದ ಮೇಲೆ ಮೊಳೆಯಿಂದ ತನ್ನ ಚುಕ್ಕೆಯನ್ನು ತಾನೇ ಕೆರೆದು ತೆಗೆಯುತ್ತಿದ್ದಳು. ಒಳ್ಳೆಯ ರಿಮ್ಮಿನದನ್ನೂ.

ಆಕೆ ಅಂಗಡಿಯನ್ನು ಮತ್ತೆ ತೆರೆಯಲಿಲ್ಲ. ಎಷ್ಟೋ ವರ್ಷಗಳ ಮೇಲೆ ಮೊನ್ನೆ ಡ್ರೈವರ್ ಸಿಕ್ಕಿದ್ದ. ಆಕೆ ಹೋದ ತಿಂಗಳು ತೀರಿಕೊಂಡಳೆಂದು ಅವನಿಂದಲೇ ಗೊತ್ತಾದದ್ದು. ಮುರಿದ ಭುಜ ಸರಿಯಾಗಿ ಕೂಡದೆ ಅವನ ಒಂದು ಕೈ ಇಂದಿಗೂ ಮೇಲೆ ಏಳುವುದಿಲ್ಲ. “ಮಣ್ಣಿಗೆ ಹೋಗಿದ್ದೆ,” ಎಂದ ಅವನು, ಅಷ್ಟೇ. ಆ ಮಾತು ಕೇಳಿ ನನ್ನ ಕಣ್ಣ ಮುಂದೆ ಬಂದದ್ದು ಹದಿನಾಲ್ಕನೆಯ ಗಾಡಿ.

ಅದು ಹರಪನಹಳ್ಳಿ ತಾಲೂಕಿನ ನೀಲಗುಂದದ್ದು. ಮದುವೆಗೆ ಹೊರಟಿದ್ದ ಹೆಂಗಸರು, ಮಕ್ಕಳು ಆಗಲೇ ಜೀಪಿನಲ್ಲಿ ಕುಳಿತಾಗಿತ್ತು. ಎಲ್ಲರನ್ನೂ ಇಳಿಸಿ ಗಾಲಿ ಬಿಚ್ಚಿಸಿದೆವು. ಮೂರು ಸರಿಯಾಗಿದ್ದವು, ಸ್ಟೆಪ್ನಿಯೂ. ನಾಲ್ಕನೆಯದಕ್ಕೆ ಆಕೆ ಏಟು ಹಾಕಿದಾಗ ಸದ್ದು ಎಳೆಯಿತು, ಆದರೆ ಉಳಿದವುಗಳಷ್ಟು ಎಳೆಯಲಿಲ್ಲ. ಇನ್ನೊಮ್ಮೆ ಬಡಿಸಿದೆ. ಮತ್ತೂ ಒಮ್ಮೆ. ಬಿರುಕು ಕಣ್ಣಿಗೆ ಕಾಣುತ್ತಿರಲಿಲ್ಲ.

“ಮುಹೂರ್ತ ಐತ್ರಿ, ಸರಿ ಅದಾವ ಅಂದ್ಬಿಡ್ರಿ ಅತ್ಲಾಗ,” ಎಂದ ಮಾಲೀಕ. ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ಆಕೆಯೂ ನನ್ನ ಮುಖವನ್ನೇ ನೋಡುತ್ತಿದ್ದಳು. ಸರಿ ಎನ್ನುವುದು ಎಷ್ಟು ಸುಲಭವೆಂದು ಆಗ ತಿಳಿಯಿತು.

“ಗೊತ್ತಾಗವಲ್ದು ಅಕ್ಕ,” ಎಂದೆ.

ಆಕೆಗೆ ತಿಳಿಯಲಿಲ್ಲ. ಹತ್ತಿರ ಬಂದು ತುಟಿ ನೋಡುತ್ತ ನಿಂತಳು. ಮತ್ತೊಮ್ಮೆ ನಿಧಾನವಾಗಿ ಹೇಳಿದೆ. ಗೊತ್ತಾಗವಲ್ದು.

ಆಕೆ ರಿಮ್ಮನ್ನು ಕೊಕ್ಕೆಯಿಂದ ಇಳಿಸಿ, ಮಾಲೀಕನಿಗೆ ಕೊಡದೆ ತನ್ನ ಕಾಲ ಬಳಿ ಇಟ್ಟುಕೊಂಡಳು.

“ಸ್ಟೆಪ್ನಿ ಹಾಕ್ರಿ,” ಎಂದಳು ಅವನಿಗೆ. ಆಮೇಲೆ ನನ್ನ ಕಡೆ ತಿರುಗಿ, ಮೊದಲ ಸಲ ಸಣ್ಣ ದನಿಯಲ್ಲಿ, “ಇಷ್ಟು ಅನ್ನಾಕ ನನಗ ಬಾಯಿ ಬರಲಿಲ್ಲ ನೋಡಪ್ಪ, ಒಂದು ವರ್ಷ,” ಎಂದಳು.