ಬೂದಿ ಹಚ್ಚಿದ ಕೈ

ಅಕ್ಕಾ, ಆ ಫೋಟೋದಲ್ಲಿರುವುದು ನೀನು. ನಾನಲ್ಲ. ಆ ಕೈ ನನ್ನದೆಂದು ಊರಿಗೆಲ್ಲ ಹೇಳಿದೆ, ಕಡೆಗೆ ನೀನೂ ನಂಬುವಂತೆ ಮಾಡಿದೆ. ವರ್ಷಗಳಾದವು. ನಿನಗೆ ಓದಲು ಬಾರದು, ಹಾಗಾಗಿ ಇದನ್ನು ನಾನೇ ನಿನ್ನ ಮುಂದೆ ಕೂತು ಓದಬೇಕು. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ — ಓದುವಾಗ ಮಧ್ಯದಲ್ಲಿ ನಾನು ಜಾಣತನ ಮಾಡಬಾರದೆಂದು.

ಮಗ್ಗದ ಮೇಲಿನ ಹಾಸಿನ ಉದ್ದ ಎಳೆಗಳು ಮುಗಿಯುತ್ತ ಬಂದಾಗ ನಮ್ಮ ಅಪ್ಪ ಅವನ್ನು ಪೂರ್ತಿ ಬಿಚ್ಚುತ್ತಿರಲಿಲ್ಲ. ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿಯನ್ನು ಹೊಸೆದು ಸೇರಿಸಬೇಕಿತ್ತು, ಒಂದೊಂದಾಗಿ, ಸಾವಿರಾರು. ಬೆರಳು ಜಾರದಂತೆ ಬೂದಿ ಹಚ್ಚಿಕೊಂಡು ಆ ಕೆಲಸ ಮಾಡುತ್ತಿದ್ದವಳು ನೀನು. ಎರಡನೇ ಕ್ಲಾಸಿಗೆ ಶಾಲೆ ಬಿಡಿಸಿ ನಿನ್ನನ್ನು ಅಲ್ಲಿ ಕೂಡಿಸಿದರು. ನನ್ನನ್ನು ಓದಲು ಮಕ್ತಲದ ಚಿಗವ್ವನ ಮನೆಗೆ ಕಳಿಸಿದರು. ನೀನು ಕೂತದ್ದರಿಂದ ನಾನು ಹೋದೆ. ಇದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ನನಗೆ ತಿಳಿದಿತ್ತು.

ತೆಲಂಗಾಣ ಬೇರೆಯಾಗಿ, ಆಮೇಲೆ ನಮ್ಮ ನಾರಾಯಣಪೇಟೆ ಜಿಲ್ಲೆಯೂ ಆದಾಗ, ಎಲ್ಲರಿಗೂ ಇದ್ದಕ್ಕಿದ್ದಂತೆ ಊರಿನ ನೆನಪುಗಳು ಬೇಕಾದವು. ಒಂದು ಪ್ರದರ್ಶನ ಮಾಡೋಣ ಅಂದರು. ನಾನು ಶಾಲೆಯ ಡ್ರಾಯಿಂಗ್ ಟೀಚರ್, ಕಂಪ್ಯೂಟರ್ ಬೇರೆ ಬರುತ್ತದೆ. ನನ್ನ ಬಾಲ್ಯದ್ದೊಂದು ಕೊಲಾಜ್ ಮಾಡಿದೆ. ಸೀರೆ ಅಂಚಿನ ತುಂಡು, ಬಸ್ ಟಿಕೆಟ್ಟು, ಅವ್ವನ ಹಿತ್ತಾಳೆ ಕೊಡ, ನನ್ನ ಪಾಟಿಚೀಲ — ಎಲ್ಲದರ ಚಿತ್ರ ತೆಗೆದು, ಕತ್ತರಿಸಿ, ಒಂದರ ಮೇಲೊಂದು ಕೂಡಿಸಿ, ದೊಡ್ಡ ಟಚ್ ಸ್ಕ್ರೀನಿಗೆ ಹಾಕಿದೆ. ಕೊಡ ಮುಟ್ಟಿದರೆ ನೀರು ಸುರಿಯುವ ಸದ್ದು, ಟಿಕೆಟ್ಟು ಮುಟ್ಟಿದರೆ ಕಂಡಕ್ಟರನ ಕೂಗು.

ಆದರೆ ಒಟ್ಟು ನೋಡಿದರೆ ಸಪ್ಪೆ. ಹೊತ್ತಿಗೆ ಸರಿಯಾಗಿ ಉಂಡು, ಪಾಠ ಬರೆದು, ಮಲಗಿದ ಹುಡುಗಿಯ ಬಾಲ್ಯ — ಅದರಲ್ಲಿ ಮುಟ್ಟಿ ನೋಡುವಂಥದ್ದು ಏನಿರುತ್ತದೆ?

ಆಗ ಅವ್ವನ ಪೆಟ್ಟಿಗೆಯ ಫೋಟೋ ನೆನಪಾಯಿತು. ಸೀರೆ ಕೊಳ್ಳಲು ಬಂದ ಯಾರೋ ತೆಗೆದು ಕಳಿಸಿದ್ದು. ಬಗ್ಗಿದ ತಲೆ, ಎರಡು ಜಡೆ, ಬೂದಿ ಹಚ್ಚಿದ ಎರಡು ಕೈ. ನೀನು ಚಿಕ್ಕವಳಿದ್ದಾಗಿನ ಫೋಟೋ ಅದೊಂದೇ. ಮುಖ ಕಾಣದಿದ್ದುದು ನನಗೆ ಅನುಕೂಲವಾಯಿತು. ಅದನ್ನು ನಟ್ಟನಡುವೆ ಇಟ್ಟು ನನ್ನ ದನಿ ಸೇರಿಸಿದೆ: “ಆಗ ನನಗೆ ಎಂಟು ವರ್ಷ. ಶಾಲೆಯ ಗಂಟೆ ಕೇಳಿಸುತ್ತಿತ್ತು. ನಾನು ಎಳೆ ಹೊಸೆಯುತ್ತಿದ್ದೆ.” ಆ ಗಂಟೆಯ ಮಾತೂ ನಿನ್ನದೇ. ಒಮ್ಮೆ ಅಕ್ಕಿ ಆರಿಸುತ್ತ ನೀನು ನನಗೆ ಹೇಳಿದ್ದು.

ಜನ ಸಾಲುಗಟ್ಟಿ ಅದನ್ನೇ ಮುಟ್ಟಿದರು. ಎಂಥ ಕಷ್ಟದಿಂದ ಬಂದೀರಿ ಟೀಚರ್ ಅಂದರು. ನಾನು ತಲೆ ತಗ್ಗಿಸಿದೆ. ಅದನ್ನು ವಿನಯ ಅಂದುಕೊಂಡರು.

ಎರಡನೇ ದಿನ ಹೇಳದೆ ಕೇಳದೆ ನೀನು ಗಂಡನ ಊರು ಗದ್ವಾಲಿನಿಂದ ಬಂದೆ. ದೂರದಿಂದಲೇ ಗುರುತು ಹಿಡಿದೆ. “ಅಯ್ಯ ನೀಲೂ, ನನ್ನ ಫೋಟೋ ಇಟ್ಟೀಯಲ್ಲ,” ಅಂದೆ, ಪಕ್ಕದವರಿಗೂ ಕೇಳಿಸುವಂತೆ. ಮುಟ್ಟಿದೆ. ಸ್ಕ್ರೀನ್ ಸುಮ್ಮನಿತ್ತು. ಸೆರಗಿಗೆ ಬೆರಳು ಒರೆಸಿಕೊಂಡು ಮತ್ತೆ ಮುಟ್ಟಿದೆ. ಗಂಡನ ಮನೆಯಲ್ಲೂ ಅದೇ ಬೂದಿ, ಅದೇ ಎಳೆ — ಒಣಗಿ ಜಡ್ಡುಗಟ್ಟಿದ ನಿನ್ನ ಬೆರಳು ಆ ಗಾಜಿಗೆ ತಿಳಿಯಲೇ ಇಲ್ಲ.

“ರೇಷನ್ ಅಂಗಡಿ ಮಿಷನ್ನೂ ಹಿಂಗಽ ಮಾಡ್ತೈತಿ. ನನ್ನ ಬಟ್ಟು ಅಂದ್ರ ಅದಕ್ಕ ಗುರುತಽ ಹತ್ತಂಗಿಲ್ಲ,” ಎಂದು ನಕ್ಕೆ. “ಇದು ಮಾತಾಡಂಗಿಲ್ಲೇನ?”

“ಇಲ್ಲಕ್ಕ. ಅದು ಬರೇ ಚಿತ್ರ.”

ನಿನ್ನ ಕೈ ಹಿಡಿದು ಬೇರೆ ಕಡೆ ಕರೆದೊಯ್ದು, ಟಿಕೆಟ್ಟನ್ನು ನಾನೇ ಮುಟ್ಟಿ ಕೇಳಿಸಿದೆ. ನಿನ್ನ ಬೆರಳು ಸೋತದ್ದಕ್ಕೆ ನನಗೆ ಖುಷಿಯಾಯಿತು. ಹೌದು, ಖುಷಿಯೇ.

ಆದರೆ ಯಾರೋ ಆ ಫೋಟೋ ಮುಟ್ಟಿ, ನನ್ನ ದನಿ ಸಮೇತ ವಿಡಿಯೋ ಮಾಡಿದ್ದರು. ತಿಂಗಳ ಮೇಲೆ ಅದು ನಿನ್ನ ಮಗಳ ಫೋನಿಗೂ ಬಂತು. ಅವತ್ತು ನೀನು ನನಗೆ ಫೋನ್ ಮಾಡಿದೆ. ಬೈಯುತ್ತೀಯೆಂದು ಕಾದೆ.

“ನೀಲೂ, ಫೋಟೋದಾಗ ಇದ್ದಾಕಿ ನೀನಂತಲ್ಲ. ನಿನ್ನ ದನೀಲೇ ಕೇಳಿದೆ. ನಾ ಇಷ್ಟು ದಿನ ನಾನಽ ಅಂದ್ಕೊಂಡಿದ್ದೆ ನೋಡು. ಮರುವು ಹತ್ತೇತಿ ನನಗ. ಅಷ್ಟು ಮಂದಿ ಮುಂದ ನಂದು ಅಂದ್ಬಿಟ್ಟೆ, ಬ್ಯಾಸರ ಮಾಡ್ಕೋಬ್ಯಾಡ.”

ಆಗ ಹೇಳಬಹುದಿತ್ತು. ಒಂದೇ ಒಂದು ಮಾತು —

“ಇರ್ಲಿ ಬಿಡಕ್ಕ,” ಅಂದೆ.

ನಿನ್ನ ಫೋಟೋ ಕದ್ದವಳು ನಾನು, ಮೇಲೆ ನಿನ್ನನ್ನು ಕ್ಷಮಿಸಿದವಳೂ ನಾನೇ. ಆಮೇಲಿನಿಂದ ನೀನು ಹಳೆಯದನ್ನು ಹೇಳುವಾಗೆಲ್ಲ ನಡುವೆ ನಿಲ್ಲುತ್ತೀಯ. “ಹಂಗಿತ್ತೋ ಏನೋ, ನೀಲೂಗ ಕೇಳ್ರಿ,” ಅನ್ನುತ್ತೀಯ. ಮೊನ್ನೆ ನಿನ್ನ ಮಗಳ ಮುಂದೆ ಅಪ್ಪನ ಮಗ್ಗ ಯಾವ ಗೋಡೆಗಿತ್ತು ಎಂದು ನನ್ನನ್ನೇ ಕೇಳಿದೆ. ನನಗೆ ಗೊತ್ತಿರಲಿಲ್ಲ. ಏನೋ ಒಂದು ಹೇಳಿದೆ. ನೀನು ಹೂಂ ಅಂದೆ.

ಕೊಲಾಜು ಈಗ ನಮ್ಮ ಶಾಲೆಯಲ್ಲಿದೆ. ಹೋದ ವಾರ ಆ ಫೋಟೋದಿಂದ ನನ್ನ ದನಿ ಅಳಿಸಿದೆ. ಈಗ ಯಾರು ಮುಟ್ಟಿದರೂ ಅದು ಮಾತಾಡುವುದಿಲ್ಲ. ಅಲ್ಲಿ ನಿನ್ನ ದನಿ ಇಡಬೇಕೋ, ಫೋಟೋವನ್ನೇ ತೆಗೆದು ನಿನಗೆ ಕೊಡಬೇಕೋ, ನೀನು ಹೇಳಿದಂತೆ. ಎದ್ದು ಒಳಗೆ ಹೋದರೂ ಸರಿ.

ಸೋಮವಾರ ಗದ್ವಾಲಿಗೆ ಬರುತ್ತೇನೆ. ಇದನ್ನು ಓದುವಾಗ ನಿನ್ನ ಮಗಳೂ ಜೊತೆಗೆ ಕೂತಿರಲಿ. ಮಗ್ಗ ಯಾವ ಗೋಡೆಗಿತ್ತು ಎಂದು ಅವಳಿಗೆ ನೀನೇ ಹೇಳು, ಅಕ್ಕಾ. ನಿನಗೆ ಏನೂ ಮರೆತಿಲ್ಲ.